ಕಲ್ಯಾಣ-ಬೀದರು ಸೀಮೆಯಲ್ಲಿ ಅಶ್ವಪೋಷಣೆ

ದಕ್ಷಿಣದವರು ಕುದುರೆಯನ್ನು ಕೊಳ್ಳಬಲ್ಲವರೇ ಹೊರತು ಸಾಕಬಲ್ಲವರಲ್ಲವೆಂಬ ಅಭಿಪ್ರಾಯಕ್ಕೆ ಮುಖ್ಯವಾದ ಆಧಾರ ಮಾರ್ಕೊ ಪೋಲೊವಿನ ಬರೆಹ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಮಾಬಾರ್ ತೀರವನ್ನು ಕಂಡ ಆತನು, ಅಲ್ಲಿಗೆ ಬಂದ ಕುದುರೆಗಳು ಆರೈಕೆಯರಿತವರಿಲ್ಲದೆ ಸಾಯುತ್ತಿದ್ದುವೆಂದೂ, ಅವಕ್ಕೆ ಅನ್ನದೊಡನೆ ಬೇಯಿಸಿದ ಮಾಂಸವನ್ನು ತಿನ್ನಿಸುತ್ತಿದ್ದರೆಂದೂ ಹೇಳಿರುವನು. ಒಂದು ಕರಾವಳಿಯನ್ನು ಕುರಿತ ಈ ಮಾತನ್ನು ದಕ್ಷಿಣಾಪಥಕ್ಕೆಲ್ಲ ಹೊಂದಿಸುವುದು ಯುಕ್ತವಲ್ಲ. ಬೀದರ ಜಿಲ್ಲೆಯೊಂದರಲ್ಲಿಯೇ ಇದಕ್ಕೆ ಎರಡು ಪ್ರತಿಸಾಕ್ಷ್ಯಗಳುಂಟು. ಒಂದು ಅರಸನದು, ಇನ್ನೊಂದು ಒಂದೇ ಕುದುರೆಯ ಒಡೆಯನಾದ ಪರದೇಶಿ ವರ್ತಕನದು.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಲಕ್ಷಣಗಳಲ್ಲದೆ 'ವಾಜಿವಾಹ್ಯಾಲೀ ವಿನೋದ'ವೆಂಬ ಪ್ರತ್ಯೇಕ ಅಧ್ಯಾಯವೂ ಇದೆ. ಕುದುರೆಯೇರಿ ಕೋಲಿನಿಂದ ಚೆಂಡನ್ನು ಹೊಡೆಯುವ ಆಟವನ್ನೂ ಅಲ್ಲಿಯೇ ವರ್ಣಿಸಿದೆ. ಕಡಿವಾಣದ ಸನ್ನೆಗೆ ಒಡನೆಯೇ ತಿರುಗುವ, ನಿಲ್ಲುವ, ಮತ್ತೆ ನೆಗೆಯುವ ಕುದುರೆಯಿಲ್ಲದೆ ಆ ಆಟ ನಡೆಯದು. ಆದುದರಿಂದ ಅದರ ಹಿಂದೆ ಬಹುಕಾಲದ ಶಿಕ್ಷಣವಿದ್ದಿರಲೇಬೇಕು. ಅರಸನ ಗ್ರಂಥವು ಆದರ್ಶವನ್ನು ಹೇಳುವುದೇ ಹೊರತು ನಡೆದುದನ್ನಲ್ಲ ಎಂದು ಆಕ್ಷೇಪಿಸಬಹುದು. ಆದರೆ ವಾಹ್ಯಾಲಿಯು ಕನ್ನಡದಲ್ಲಿ 'ವಯ್ಯಾಳಿ'ಯಾಗಿ ಬಳಕೆಗೆ ಬಂದಿದೆ. ಕುದುರೆಗಳ ಅಧಿಕಾರಿಯಾದ 'ಸಾಹಣಿ' ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತಾನೆ. ಬರಿಯ ಆದರ್ಶಕ್ಕೆ ತದ್ಭವವೂ ಹುದ್ದೆಯೂ ಹುಟ್ಟುವುದು ಅಪೂರ್ವ.

ಮೂರು ಶತಮಾನಗಳಿಗೂ ಮಿಗಿಲಾದ ಕಾಲ ಕಳೆದಮೇಲೆ, ಕಲ್ಯಾಣಕ್ಕೆ ಅನತಿದೂರದ ಬೀದರು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ನಗರದ ಅಫನಾಸಿ ನಿಕಿತಿನನು ಅಲ್ಲಿಗೆ ಬಂದನು. ಅವನ ಬಂಡವಾಳವೆಲ್ಲ ಒಂದು ಗಂಡು ಕುದುರೆ. ಅದಕ್ಕೆ ತಗುಲಿದುದು 100 ರೂಬಲ್. ಜುನ್ನಾರಿನಲ್ಲಿ ಅಸದ್ ಖಾನನು ಅದನ್ನು ಕಿತ್ತುಕೊಂಡು, ಮತಾಂತರ ಹೊಂದಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನನ್ನೂ ಕೊಡುವೆನೆಂದನು. ಖುರಾಸಾನದ ಖ್ವಾಜಾ ಮುಹಮ್ಮದನು ನಡುವೆ ಬಂದು ಧರ್ಮವನ್ನೂ ಕುದುರೆಯನ್ನೂ ಉಳಿಸಿಕೊಟ್ಟನು. ಆ ಕುದುರೆಯನ್ನು ನಿಕಿತಿನನು ಬೀದರಿನಲ್ಲಿ ಮಾರಿದನು. ಒಂದು ವರ್ಷ ಸಾಕಿದ್ದಕ್ಕೆ 68 ಹಣ ಖರ್ಚಾಯಿತೆಂದು ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಇಂತಹ ಲೆಕ್ಕವು ಅರಸರ ಪ್ರಶಸ್ತಿಗಳಲ್ಲಿ ದೊರೆಯದು.

ಈ ನಾಡಿನಲ್ಲಿ ಕುದುರೆಗೆ 'ನೊಹೊತ್' ತಿನ್ನಿಸುವರು, ಸಕ್ಕರೆ ಜಿಡ್ಡುಗಳೊಡನೆ 'ಕಿಚಿರಿ' ಬೇಯಿಸಿ ಕೊಡುವರು ಎಂದು ಅವನ ಹೇಳಿಕೆ. 1857ರ ಇಂಗ್ಲಿಷ್ ಭಾಷಾಂತರದಲ್ಲಿ ಮೊದಲನೆಯದು ಬಟಾಣಿಯಾಗಿದೆ. ಆದರೆ ನೊಹೊತ್ ಎಂಬುದು ಫಾರಸಿಯ 'ನುಖೂದ್', ಅಂದರೆ ನಮ್ಮ ಕಡಲೆ. ಔರಾದ, ಚಿಂತಾಕಿ, ಭಾಲ್ಕಿಗಳ ಎರೆಭೂಮಿಯಲ್ಲಿ ಇಂದಿಗೂ ಹಿಂಗಾರಿಯಲ್ಲಿ ಬೆಳೆಯುವ ಧಾನ್ಯವದು. ಕಿಚಿರಿಯು ಕಿಚಡಿಯೇ ಎಂದು ಬೇರೆ ಹೇಳಬೇಕಾಗಿಲ್ಲ. ಕುದುರೆ ಹೊರಗಿನದಾದರೂ ಮೇವು ಈ ನೆಲದ್ದು. ಮಾಂಸದ ಮಾತೇ ಇಲ್ಲಿಲ್ಲ.

ಹಾಗಾದರೆ ಆಮದು ಏಕೆ ನಿಲ್ಲಲಿಲ್ಲ? ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಹುಟ್ಟುವುವು ಎಂದು ನಿಕಿತಿನನೇ ಉತ್ತರ ಕೊಟ್ಟಿದ್ದಾನೆ. ಮಾತು ತುಸು ಅತಿಯಾದರೂ ಕೊರತೆಯಿದ್ದುದು ತಳಿಯಲ್ಲಿ, ಲಾಯದಲ್ಲಲ್ಲ ಎಂಬುದನ್ನು ತೋರಿಸುತ್ತದೆ. ಬೀದರಿನಿಂದ 12 ಹರದಾರಿಯ ಶೇಖ್ ಅಲಾವುದ್ದೀನನ ಜಾತ್ರೆಗೆ, ಅಂದರೆ ವಿದ್ವಾಂಸರು ಗುರುತಿಸುವಂತೆ ಆಳಂದಕ್ಕೆ, 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದು ಅವನು ಬರೆದಿದ್ದಾನೆ.