ಸೆಳೆದ ಹೆದೆಯನ್ನು ಇಳಿಸುವ ಬಗೆ

ಆಯುಧಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಪ್ರಯೋಗದ ವಿಷಯವನ್ನೇ ವಿಸ್ತರಿಸಿ ಹೇಳುತ್ತಾರೆ. ಬಾಣವು ಎಷ್ಟು ದೂರ ಹೋಯಿತು, ಎಂಥ ಕವಚವನ್ನು ಭೇದಿಸಿತು, ಯಾವ ರಾಜನನ್ನು ಕೊಂದಿತು ಎಂಬುದೇ ಅವರ ಕಥೆ. ಸಿದ್ಧಮಾಡಿಯೂ ಪ್ರಯೋಗಿಸದೆ ಉಳಿದ ಆಯುಧವನ್ನು ಏನು ಮಾಡಿದರೆಂಬುದನ್ನು ಕೇಳುವವರು ವಿರಳ. ನಮ್ಮ ಮಹಾಭಾರತವಾದರೋ ಆ ಪ್ರಶ್ನೆಯನ್ನು ಮರೆತಿಲ್ಲ. ಸೌಪ್ತಿಕ ಪರ್ವದಲ್ಲಿ ಅರ್ಜುನನು ತಾನು ಬಿಟ್ಟ ಅಸ್ತ್ರವನ್ನು ಉಪಸಂಹಾರ ಮಾಡಿಕೊಂಡನು. ಅಶ್ವತ್ಥಾಮನಿಗೆ ಬಿಡುವ ವಿದ್ಯೆ ತಿಳಿದಿತ್ತು, ಹಿಂದೆಗೆಯುವ ವಿದ್ಯೆ ತಿಳಿದಿರಲಿಲ್ಲ. ಅದು ದಿವ್ಯಾಸ್ತ್ರದ ಮಾತಾಯಿತು. ಮರ, ಕೊಂಬು, ಉಕ್ಕುಗಳಿಂದ ಮನುಷ್ಯರೇ ಮಾಡಿದ ಒಂದು ಆಯುಧಕ್ಕೂ ಇದೇ ತೊಡಕುಂಟು. ಅದು ಅಡ್ಡಬಿಲ್ಲು.

ಸಾಮಾನ್ಯ ಬಿಲ್ಲುಗಾರನಿಗೆ ಈ ಚಿಂತೆಯಿಲ್ಲ. ಕಿವಿಯವರೆಗೆ ಸೆಳೆದ ಹೆದೆಯನ್ನು, ಮನಸ್ಸು ಬದಲಾದರೆ, ಅದೇ ಬೆರಳುಗಳಿಂದ ಮೆಲ್ಲನೆ ಮುಂದಕ್ಕೆ ಬಿಡುತ್ತಾನೆ. ಅಡ್ಡಬಿಲ್ಲಿನಲ್ಲಿ ಹಾಗಲ್ಲ. ಅಲ್ಲಿ ಬಿಲ್ಲು ಒಂದು ಮರದ ದಿಂಡಿನ ತುದಿಯಲ್ಲಿ ಅಡ್ಡಲಾಗಿ ಕೂತಿರುತ್ತದೆ. ಹೆದೆಯನ್ನು ಒಮ್ಮೆ ಸೆಳೆದು ಕೊಂಡಿಗೆ ಸಿಕ್ಕಿಸಿದರೆ ಕೈಗೆ ಬಿಡುವು. ಭಾರವನ್ನೆಲ್ಲ ಕೊಂಡಿಯೇ ಹೊರುತ್ತದೆ. ಬಂದೂಕಿನಲ್ಲಿ ನಮ್ಮವರು ಕುದುರೆ ಎಂದು ಕರೆಯುವ ಸಣ್ಣ ಕೀಲನ್ನು ಒತ್ತಿದಾಗ ಅಂಬು ಹಾರುತ್ತದೆ. ಸುಲಭವೆನಿಸುವ ಈ ಏರ್ಪಾಡಿನಲ್ಲೇ ಅಪಾಯವೂ ಅಡಗಿದೆ. ಬೆರಳಿನ ಅಳವಿಗೆ ಮೀರಿದ ಶಕ್ತಿಯನ್ನು ಬೆರಳೊಂದು ಬಿಡುಗಡೆ ಮಾಡಬಲ್ಲುದು. ಆದರೆ ಆ ಶಕ್ತಿಯನ್ನು ತಡೆದು ಹಿಡಿಯುವುದು ಬೆರಳಿಂದಾಗದು.

ಅಂಬಿಲ್ಲದೆ ಹೆದೆಯನ್ನು ಬಿಟ್ಟುಬಿಡಬಹುದಲ್ಲ ಎಂದು ಕೆಲವರಿಗೆ ತೋರಬಹುದು. ಹಾಗೆ ಮಾಡಿದರೆ ಅಂಬು ಹೊತ್ತೊಯ್ಯಬೇಕಾಗಿದ್ದ ಶಕ್ತಿಯೆಲ್ಲ ಬಿಲ್ಲಿನ ತೋಳುಗಳಿಗೂ ಹೆದೆಗೂ ಹಿಂದಿರುಗಿ ಬಡಿಯುತ್ತದೆ. ಹೆದೆ ಹರಿಯಬಹುದು, ತೋಳು ಸೀಳಬಹುದು, ಉಕ್ಕಿನ ತುಂಡು ಹಿಡಿದವನ ಮುಖಕ್ಕೇ ಸಿಡಿಯಬಹುದು. ಸೆಳೆದಂತೆಯೇ ಇಟ್ಟಿದ್ದರೋ, ಹೊತ್ತು ಕಳೆದಂತೆ ಬಿಲ್ಲಿನ ಬಿಗಿ ಕುಗ್ಗುತ್ತದೆ. ಕೋಟೆಯ ಮೇಲೆ ರಾತ್ರಿಯೆಲ್ಲ ಕಾವಲಿದ್ದು ಬೆಳಗಾದರೂ ಶತ್ರುವನ್ನು ಕಾಣದ ಭಟನಿಗೆ ಇದು ಪ್ರತಿದಿನದ ಪ್ರಶ್ನೆ.

ಹಳೆಯ ಉತ್ತರಗಳಲ್ಲಿ ಒಂದು ಗ್ರೀಕರದು. ಕ್ರಿ.ಪೂ. 399ರ ಸುಮಾರಿಗೆ ಸಿಸಿಲಿಯ ಸಿರಾಕ್ಯೂಸ್ ನಗರದಲ್ಲಿ ಯಂತ್ರಬಿಲ್ಲುಗಳ ತಯಾರಿ ನಡೆಯಿತೆಂದು ಚರಿತ್ರಕಾರರು ಹೇಳುತ್ತಾರೆ. ಅಲೆಕ್ಸಾಂಡ್ರಿಯದ ಹೀರೋ ವರ್ಣಿಸಿರುವ ‘ಹೊಟ್ಟೆಬಿಲ್ಲಿ’ನಲ್ಲಿ ಹೆದೆಯನ್ನು ಹಿಡಿದ ಕೊಂಡಿಯು ಜಾರುಹಲಗೆಯೊಂದರ ಮೇಲಿರುತ್ತದೆ. ಹಲಗೆಯ ಮೂತಿಯನ್ನು ನೆಲಕ್ಕೂರಿ ಹೊಟ್ಟೆಯಿಂದ ಒತ್ತಿದರೆ ಅದು ಹಿಂದೆ ಸರಿಯುತ್ತದೆ. ಪಕ್ಕದ ಹಲ್ಲುಪಟ್ಟಿಯಲ್ಲಿ ಅಗುಳಿಯು ಹಲ್ಲಿನಿಂದ ಹಲ್ಲಿಗೆ ಬಿದ್ದು ನಿಲ್ಲುತ್ತದೆ. ನಡುವೆ ಕೈಸೋತರೂ ಹಲಗೆ ಹಿಂದಕ್ಕೆ ಚಿಮ್ಮದು. ಇಳಿಸಬೇಕೆನಿಸಿದರೆ ಮತ್ತೆ ಒತ್ತಿ, ಅಗುಳಿಯನ್ನೆತ್ತಿ, ಹಲಗೆಯನ್ನು ಮೆಲ್ಲನೆ ಮುಂದೆ ಬಿಡಲು ಸಾಧ್ಯ. ಹೆದೆಯು ಕೊಂಡಿಯಲ್ಲಿದ್ದಂತೆಯೇ ಸಡಿಲವಾಗುತ್ತದೆ.

ಚೀನ ದೇಶದವರ ಕೌಶಲ ಬೇರೆ ದಿಕ್ಕಿನಲ್ಲಿ ಬೆಳೆಯಿತು. 1974ರಲ್ಲಿ ಲಿಂಟಾಂಗ್ ಬಳಿ ಅಗೆದಾಗ ದೊರೆತ ಮಣ್ಣಿನ ಸೈನ್ಯದ ಜೊತೆಯಲ್ಲಿ, ಮರವೆಲ್ಲ ಕೊಳೆತು ಹೋಗಿದ್ದರೂ, ಅಡ್ಡಬಿಲ್ಲುಗಳ ಕಂಚಿನ ಕೀಲುಗಳು ಸಿಕ್ಕವು. ಹೆದೆಯನ್ನು ಹಿಡಿಯುವ ಹಲ್ಲು, ಅದನ್ನು ತಡೆಯುವ ಅಗುಳಿ, ಒತ್ತುವ ಕುದುರೆ, ಇವನ್ನು ಪೋಣಿಸುವ ಎರಡು ಗೂಟ; ಇಷ್ಟೇ. ಹಾನ್ ಅರಸರ ಕಾಲಕ್ಕೆ ಇವೆಲ್ಲ ಕಂಚಿನ ಪೆಟ್ಟಿಗೆಯೊಂದರೊಳಗೆ ಸೇರಿದವು. ಸನ್ನೆಗೆ ಸನ್ನೆ ಜೋಡಿಸಿದ್ದರಿಂದ ಭಾರವಾದ ಬಿಲ್ಲೂ ಹಗುರವಾದ ಒತ್ತಿಗೆ ಬಿಡುತ್ತಿತ್ತು. ಹೆದೆಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು ಕುದುರೆಯನ್ನೊತ್ತಿದರೆ ಹಲ್ಲು ಪೆಟ್ಟಿಗೆಯೊಳಗೆ ಮುಳುಗುತ್ತದೆ. ಆಮೇಲೆ ಹೆದೆಯನ್ನು ಮುಂದೊಯ್ಯಲು ಅಡ್ಡಿಯೇನೂ ಉಳಿಯುವುದಿಲ್ಲ. ನಯಗಾರಿಕೆಯಲ್ಲಿ ಆ ಕಂಚುಗಾರರು ಒಂದೂವರೆ ಸಾವಿರ ವರ್ಷ ಈಚಿನ ಯುರೋಪಿನ ಕಮ್ಮಾರರಿಗಿಂತ ಮೇಲೆಂದೇ ನಾವು ಭಾವಿಸುತ್ತೇವೆ.

ಯುರೋಪಿನವರಾದರೋ ಬಲವನ್ನೇ ನೆಚ್ಚಿದರು. ಅಂಗಾಲುಗಳಿಂದ ಬಿಲ್ಲನ್ನು ಒದ್ದು ಎರಡು ಕೈಯಿಂದ ಹೆದೆಯನ್ನು ಜಗ್ಗುತ್ತಿದ್ದ ಪಶ್ಚಿಮದ ಭಟರನ್ನು ಬೈಜಾಂಟಿಯಮ್ಮಿನ ರಾಜಪುತ್ರಿ ಅನ್ನಾ ಕೊಮ್ನೇನಾ ಹನ್ನೆರಡನೆಯ ಶತಮಾನದಲ್ಲಿ ಬೆರಗಿನಿಂದ ವರ್ಣಿಸಿದ್ದಾಳೆ. 1139ರ ಲ್ಯಾಟರನ್ ಧರ್ಮಸಭೆಯು ಕ್ರೈಸ್ತರ ಮೇಲೆ ಈ ಆಯುಧವನ್ನು ಪ್ರಯೋಗಿಸಬಾರದೆಂದು ವಿಧಿಸಿತು. 1199ರಲ್ಲಿ ಇಂಗ್ಲೆಂಡಿನ ರಿಚರ್ಡ್ ದೊರೆಯೇ ಅದರ ಪೆಟ್ಟಿನಿಂದ ಸತ್ತನು. ವಿಧಿಯನ್ನು ಎಷ್ಟು ಮಂದಿ ಪಾಲಿಸಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹದಿನೈದನೆಯ ಶತಮಾನದಲ್ಲಿ ಉಕ್ಕಿನ ಬಿಲ್ಲುಗಳು ಬಳಕೆಗೆ ಬಂದವು. 1903ರಲ್ಲಿ ಅಡ್ಡಬಿಲ್ಲಿನ ಮೇಲೆ ಗ್ರಂಥವನ್ನು ಪ್ರಕಟಿಸಿದ ಸರ್ ರಾಲ್ಫ್ ಪೇನ್-ಗಾಲ್ವೇ ಪರೀಕ್ಷಿಸಿದ ಒಂದು ದೊಡ್ಡ ಬಿಲ್ಲಿನ ಸೆಳೆತ 1200 ಪೌಂಡು, ಎಂದರೆ ಸುಮಾರು 540 ಕಿಲೋಗ್ರಾಂ. ಇದನ್ನು ಬರಿಗೈಯಲ್ಲಿ ಸೆಳೆಯುವ ಭೀಮನಾದರೂ ಎಲ್ಲಿ?

ಆದುದರಿಂದ ಸೆಳೆಯುವುದಕ್ಕೇ ಉಪಕರಣಗಳು ಹುಟ್ಟಿದವು. ಸೊಂಟಪಟ್ಟಿಯ ಕೊಕ್ಕೆ, ‘ಮೇಕೆಯ ಕಾಲು’ ಎಂಬ ಕವಲುಸನ್ನೆ, ಹಗ್ಗ ಸುತ್ತುವ ರಾಟೆ, ಹಲ್ಲುಚಕ್ರದಿಂದ ಹಲ್ಲುಸರಳನ್ನು ಎಳೆಯುವ ಜರ್ಮನರ ತಿರುಗಣೆ. ಇಳಿಸುವ ಉಪಾಯವೂ ಇವುಗಳಲ್ಲೇ ಇದೆ ಎಂಬುದು ಗಮನಿಸತಕ್ಕ ವಿಷಯ. ಯುರೋಪಿನ ಕೊಂಡಿಯು ಸಾಮಾನ್ಯವಾಗಿ ಜಿಂಕೆಯ ಕೊಂಬಿನಿಂದ ಕಡೆದ ಉರುಳೆ. ಅದರ ಎರಡು ಬೆರಳುಗಳ ಹಿಂದೆ ಹೆದೆ ಕೂರುತ್ತದೆ. ಕೆಳಗಿನಿಂದ ಉದ್ದನೆಯ ಕುದುರೆ ಅದನ್ನು ತಡೆದಿರುತ್ತದೆ. ಇಳಿಸುವಾಗ ಮೊದಲು ಅಂಬನ್ನು ತೆಗೆದಿಡಬೇಕು. ತಿರುಗಣೆಯನ್ನು ಮತ್ತೆ ತೊಡಿಸಿ, ಅದರ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಹೆದೆ ಉರುಳೆಯ ಬೆರಳನ್ನು ಬಿಟ್ಟು ಒಂದಿಷ್ಟು ಹಿಂದೆ ಸರಿಯುವವರೆಗೆ ತಿರುಗಿಸಬೇಕು. ಆಗ ಭಾರವೆಲ್ಲ ತಿರುಗಣೆಗೆ ಬಂದಂತಾಯಿತು. ಅನಂತರ ಕುದುರೆಯನ್ನೊತ್ತಿ, ಉರುಳೆಯನ್ನು ಹೆಬ್ಬೆರಳಿನಿಂದ ಮುಂದಕ್ಕುರುಳಿಸಿ, ಹಿಡಿಯನ್ನು ನಿಧಾನವಾಗಿ ಹಿಂದುಮುಂದಾಗಿ ತಿರುಗಿಸುತ್ತ ಬರಬೇಕು. ಈ ಕ್ರಮ ತಪ್ಪಬಾರದು. ಕೊಕ್ಕೆ ಬಿಗಿಯಾಗುವ ಮೊದಲೇ ಕುದುರೆ ಒತ್ತಿದರೆ ಜಗ್ಗಿದ ಬಿಲ್ಲಿನ ಪೆಟ್ಟು ಒಮ್ಮೆಗೇ ಕೊಕ್ಕೆಗೂ ಹಗ್ಗಕ್ಕೂ ಬೀಳುತ್ತದೆ.

ಇಲ್ಲಿಯೂ ಒಂದು ಭೇದವುಂಟು. ಹಲ್ಲುಚಕ್ರದ ತಿರುಗಣೆಯಲ್ಲಿ ಸುತ್ತುಗಳು ಹೆಚ್ಚು, ಕೈಗೆ ತಾಗುವ ಭಾರ ಕಡಿಮೆ. ರಾಟೆಯಲ್ಲಿ ಕೆಲಸ ಬೇಗ ಆಗುತ್ತದೆ. ಆದರೆ ಬಾವಿಯಿಂದ ತುಂಬಿದ ಕೊಡವನ್ನು ಸೇದುವಾಗ ಹಿಡಿ ಜಾರಿದರೆ ಏನಾಗುವುದೆಂದು ಬಲ್ಲವರಿಗೆ ಅದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಅದೂ ಅಲ್ಲದೆ ಭಟನು ಎಸೆಯುವ ಮುನ್ನ ರಾಟೆಯನ್ನು ಕಳಚಿ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದನು. ಇಳಿಸಬೇಕಾದರೆ ಸೆಳೆದ ಬಿಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಮತ್ತೆ ಹಗ್ಗಗಳನ್ನು ಹೂಡಬೇಕು. ಇಷ್ಟು ತಾಪತ್ರಯಕ್ಕಿಂತ ಮಣ್ಣಿನ ದಿಬ್ಬಕ್ಕೆ ಒಂದು ಅಂಬನ್ನು ಹೊಡೆದುಬಿಡುವುದೇ ಸುಲಭ; ಒಂದು ಅಂಬಿನ ನಷ್ಟವೇನು ದೊಡ್ಡದಲ್ಲ.

ಇಂದಿನ ಬೇಟೆಯ ಅಡ್ಡಬಿಲ್ಲುಗಳನ್ನು ತಯಾರಿಸುವವರೂ ಬಹುಕಾಲ ಇದನ್ನೇ ಹೇಳಿಕೊಂಡು ಬಂದರು. ಜೊತೆಗೆ ಅವರು ಅಂಬಿಲ್ಲದಾಗ ಹೆದೆ ಬಿಡದಂತೆ ತಡೆಯುವ ಒಂದು ಕೊಕ್ಕೆಯನ್ನು ಹೂಡಿದರು. ಅಂಬಿನ ಬುಡ ತಾಗಿದರೆ ಮಾತ್ರ ಆ ಕೊಕ್ಕೆ ಪಕ್ಕಕ್ಕೆ ಸರಿಯುತ್ತದೆ. ತಮಾಷೆಯೆಂದರೆ, ಅಂಬನ್ನು ತೆಗೆದಿಟ್ಟು ಹೆದೆಯನ್ನು ಮೆಲ್ಲನೆ ಇಳಿಸಹೊರಟವನಿಗೂ ಅದೇ ಕೊಕ್ಕೆ ಅಡ್ಡಬರುತ್ತದೆ. ಒಂದು ಅಪಾಯಕ್ಕೆ ಹಾಕಿದ ಬೀಗವು ಇನ್ನೊಂದು ಅಪಾಯದಿಂದ ತಪ್ಪಿಸಿಕೊಳ್ಳುವ ಬಾಗಿಲನ್ನೂ ಮುಚ್ಚಿತು. ಅದನ್ನು ಬೆರಳಿನಿಂದ ಎತ್ತಿಹಿಡಿಯಲು ಹೋದರೆ ಹೆದೆಯ ದಾರಿಯಲ್ಲೇ ಬೆರಳಿಡಬೇಕು. ಈಚಿನ ಕೆಲವು ಬಿಲ್ಲುಗಳಲ್ಲಿ ತಿರುಗಣೆಯನ್ನು ದಿಂಡಿನೊಳಗೇ ಅಡಗಿಸಿ, ಹೆದೆಯನ್ನು ಹಿಡಿದ ಕೊಂಡಿಯೇ ಹಿಂದಕ್ಕೂ ಮುಂದಕ್ಕೂ ಜಾರುವಂತೆ ಮಾಡಿದ್ದಾರೆ. ಇಳಿಸುವಾಗ ಹೆದೆ ಕೊಂಡಿಯನ್ನು ಬಿಡುವುದೇ ಇಲ್ಲ. ಹಿಡಿಯನ್ನು ತಿರುಗಿಸಿದಷ್ಟೇ ಅದು ಮುಂದೆ ಸಾಗುತ್ತದೆ. ಸಿರಾಕ್ಯೂಸಿನ ಕಾಲದ ಜಾರುಹಲಗೆಯನ್ನು ಕಂಡವರಿಗೆ ಈ ಏರ್ಪಾಡಿನ ಗುರುತು ಹತ್ತದಿರದು.