ಮಕ್ಕಳ ನಡುಗಿವಿಯ ಸೋಂಕು: ಚರಿತ್ರೆ

ಕಿವಿತಮಟೆಯ ಹಿಂದಿರುವ, ಗಾಳಿ ತುಂಬಿದ ಪುಟ್ಟ ಗೂಡೇ ನಡುಗಿವಿ. ಅಲ್ಲಿ ಸೋಂಕು ತಗುಲಿ ಕೀವು ಕಟ್ಟುವ ಈ ಕಾಯಿಲೆಯನ್ನು ಮಂಡ್ಯ ಸೀಮೆಯಲ್ಲೂ ಕನ್ನಡನಾಡಿನ ಇತರೆಡೆಗಳಲ್ಲೂ ಜನ ಗುರುತಿಸುವುದು ‘ಕಿವಿ ಸೋರುವುದು’ ಎಂದು. ಆ ಹೆಸರು ಹುಟ್ಟಿದ್ದು ಕಾಯಿಲೆಯ ಕೊನೆಯ ಹಂತದಿಂದ. ತಮಟೆ ತೂತಾದ ಮೇಲಷ್ಟೇ ಕಿವಿ ಸೋರುತ್ತದೆ. ಅದಕ್ಕೆ ಮುಂಚೆ ಮಗು ಅಳುತ್ತದೆ, ಜ್ವರದಿಂದ ಬಳಲುತ್ತದೆ, ಕಿವಿ ಹಿಡಿದೆಳೆಯುತ್ತದೆ. ಸೋರುವುದಕ್ಕೆ ಮೊದಲೇ ಗುರುತಿಸಲು ಕಲಿತದ್ದೇ ಈ ಕಾಯಿಲೆಯ ನಿಜವಾದ ಚರಿತ್ರೆ. ಸುಶ್ರುತಸಂಹಿತೆಯ ಉತ್ತರತಂತ್ರ 28 ಕರ್ಣರೋಗಗಳನ್ನು ಎಣಿಸಿ, ಕರ್ಣಶೂಲ (ಕಿವಿನೋವು) ಮತ್ತು ಕರ್ಣಸ್ರಾವ (ಕಿವಿ ಸೋರುವುದು) ಇವೆರಡನ್ನು ಬೇರೆಬೇರೆಯಾಗಿ ಹೇಳುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ನಾಳವನ್ನು 16ನೇ ಶತಮಾನದಲ್ಲಿ ಇಟಲಿಯ ಯೂಸ್ಟಾಕಿ ವಿವರಿಸಿದ. ಎಳೆಯರಲ್ಲಿ ಈ ನಾಳ ಗಿಡ್ಡ, ಹೆಚ್ಚು ಅಡ್ಡವಾಗಿರುತ್ತದೆ. ನೆಗಡಿಯ ಬೆನ್ನಿಗೇ ಕಿವಿನೋವು ಬರುವುದು ಇದರಿಂದ; ಮಲಗಿಸಿ ಬಾಟಲಿ ಹಾಲು ಕುಡಿಸಬಾರದು ಎನ್ನುವುದಕ್ಕೂ ಇದೇ ಕಾರಣ.

ಪೆನಿಸಿಲಿನ್ ಬಂದ ಮೇಲೆ ಸೋಂಕು ಕಿವಿಯ ಹಿಂದಿನ ಮೂಳೆಗೂ ಮಿದುಳಿಗೂ ಹರಡಿ ಸಾಯುವ ಮಕ್ಕಳು ಬಹಳ ಕಡಿಮೆಯಾದರು. ಆದರೆ ಕೇಳ್ಮೆಯ ನಷ್ಟ ಔಷಧಿಯೊಂದರಿಂದಲೇ ತಪ್ಪಲಿಲ್ಲ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು ಈ ಸೀಮೆಯ ಮಟ್ಟಿಗೆ ದೊಡ್ಡ ತಿರುವು. ಮುಂದೆ ಅದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೇವಾಘಟಕ ತೆರೆಯಿತು. ಕೇಳ್ಮೆಯ ಪರೀಕ್ಷೆ ಹಳ್ಳಿಯ ಮಗುವಿನ ಬಳಿಗೆ ಬಂದದ್ದು ಹೀಗೆ.

ಮಕ್ಕಳಿಗೆ ಕಿವಿನೋವು ಸಹಜ, ತಾನಾಗಿ ವಾಸಿಯಾಗುತ್ತದೆ ಎಂಬ ಆಕ್ಷೇಪವಿದೆ. ಅದು ಅರ್ಧ ನಿಜ: ಹೊಸ ಸೋಂಕುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಇಳಿಯುತ್ತವೆ, ಎಲ್ಲಕ್ಕೂ ಆಂಟಿಬಯಾಟಿಕ್ ಬೇಕಿಲ್ಲ. ಎರಡು ವಾರ ದಾಟಿಯೂ ಸೋರುವ ಕಿವಿಯ ಮಾತು ಬೇರೆ. ಅದು ಮಾತು ಕಲಿಯುವ ವಯಸ್ಸಿನಲ್ಲೇ ಮಗುವಿನ ಕೇಳ್ಮೆಯನ್ನು ಕುಗ್ಗಿಸುತ್ತದೆ. ಬೆಚ್ಚಗಿನ ಎಣ್ಣೆ ಬಿಡುವ ರೂಢಿಯನ್ನೂ ಹಲವರು ಸಮರ್ಥಿಸುತ್ತಾರೆ. ತಮಟೆ ಗಟ್ಟಿಯಿದ್ದರೆ ಎಣ್ಣೆ ನಡುಗಿವಿಯನ್ನು ಮುಟ್ಟುವುದೇ ಇಲ್ಲ. ತೂತಾಗಿದ್ದರೆ ಒಳಗಿಳಿದು ಸೋಂಕನ್ನು ಬೆಳೆಸುತ್ತದೆ. ಎರಡು ಬಗೆಯಲ್ಲೂ ಅದರಿಂದ ಲಾಭವಿಲ್ಲ.

ಈ ಸೋಂಕಿನ ಮುಖ್ಯ ಕಾರಣಗಳಲ್ಲೊಂದಾದ ನ್ಯೂಮೊಕಾಕಸ್ ವಿರುದ್ಧದ ಲಸಿಕೆ 2021ರಲ್ಲಿ ದೇಶದಾದ್ಯಂತ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಅದು ಎಲ್ಲ ಬಗೆಯ ಕಿವಿಸೋಂಕನ್ನೂ ತಡೆಯುವುದಿಲ್ಲ. ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು ಒಂಬತ್ತು ತಿಂಗಳಿಗೆ, ಒಟ್ಟು ಮೂರು ಬಾರಿ ಕೊಡಲಾಗುತ್ತದೆ.