ಆನ್‌ಲೈನ್ ಪೋಕರ್: ಆಟಗಾರರ ಮಾತು, ಅದರ ಅರ್ಥ

ಕಣೇಕಲ್ಲು: ಇಸ್ಪೀಟು ಎಂದರೂ ಪೇಕಾಟ ಎಂದರೂ ಗಡಿ ಭಾಗದವರಿಗೆ ಒಂದೇ. ಆದರೆ ಮೊಬೈಲ್ ಪೋಕರ್ ಟೂರ್ನಿಯ ಮಾತು ಎರಡೂ ಭಾಷೆ ಬಲ್ಲವರಿಗೂ ಅರ್ಥವಾಗದು. ಹಣಕ್ಕೆ ಸಂಬಂಧಿಸಿದ ಮುಖ್ಯ ಪದಗಳು ಇಲ್ಲಿವೆ.

ಎಂಟಿಟಿ: ಮಲ್ಟಿ ಟೇಬಲ್ ಟೂರ್ನಮೆಂಟ್. ಹಲವು ಮೇಜುಗಳಲ್ಲಿ ಆರಂಭವಾಗಿ, ಸೋತವರು ಹೊರಬಿದ್ದಂತೆ ಒಂದೇ ಮೇಜಿಗೆ ಇಳಿಯುವ ಪಂದ್ಯ. ಆ ಕೊನೆಯ ಮೇಜೇ ಎಫ್‌ಟಿ, ಅಂದರೆ ಫೈನಲ್ ಟೇಬಲ್.

ಬೈ-ಇನ್: ಪ್ರವೇಶ ಹಣ. '100+10' ಎಂದಿದ್ದರೆ 100 ರೂ. ಬಹುಮಾನದ ಮೊತ್ತಕ್ಕೆ, 10 ರೂ. ಆಟ ನಡೆಸುವವರಿಗೆ. ಈ 10 ರೂಪಾಯಿಯೇ ರೇಕ್.

ಜಿಟಿಡಿ: ಗ್ಯಾರಂಟೀಡ್. ಎಷ್ಟೇ ಜನ ಸೇರಿದರೂ ಒಟ್ಟು ಬಹುಮಾನ ಇಷ್ಟಕ್ಕಿಂತ ಕಡಿಮೆಯಾಗದು ಎಂಬ ಭರವಸೆ. ಆಡುವವನಿಗೆ ಹಣ ಸಿಗುವ ಗ್ಯಾರಂಟಿ ಅಲ್ಲ.

ರೀ-ಎಂಟ್ರಿ: ಸೋತವರು ಮತ್ತೆ ಪೂರ್ತಿ ಹಣ ಕಟ್ಟಿ ಒಳಬರುವುದು.

ಬಬಲ್: ಬಹುಮಾನದ ಸ್ಥಾನಗಳು ಶುರುವಾಗುವ ಮುನ್ನಿನ ಹಂತ. ಇಲ್ಲಿ ಸೋತವರಿಗೆ ಏನೂ ಸಿಗದು.

ಐಟಿಎಂ: ಇನ್ ದ ಮನಿ, ಬಹುಮಾನದ ಸ್ಥಾನ ತಲುಪುವುದು. ಲಾಭ ಎಂದೇನೂ ಅಲ್ಲ. 110 ರೂ.ನಂತೆ ಮೂರು ಸಲ ಕಟ್ಟಿ 200 ರೂ. ಗೆದ್ದವನು ಐಟಿಎಂ ಆದರೂ 130 ರೂ. ಕಳೆದುಕೊಂಡಿರುತ್ತಾನೆ.

ಆರ್‌ಒಐ: ಹಾಕಿದ ಹಣಕ್ಕೆ ಬಂದ ಲಾಭ ಅಥವಾ ನಷ್ಟದ ಶೇಕಡಾವಾರು. ಮೇಲಿನ ಲೆಕ್ಕದಲ್ಲಿ ಶೇ. 39ರಷ್ಟು ನಷ್ಟ.

ಕಾನೂನು: ಆಂಧ್ರಪ್ರದೇಶ 2020ರಲ್ಲೇ ಆನ್‌ಲೈನ್ ರಮ್ಮಿ, ಪೋಕರ್ ನಿಷೇಧಿಸಿತು. ಕರ್ನಾಟಕದ 2021ರ ನಿಷೇಧವನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಹೀಗೆ ಒಂದೇ ಆಟಕ್ಕೆ ಗಡಿಯ ಎರಡು ಬದಿ ಎರಡು ಕಾನೂನು ಇತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ಆನ್‌ಲೈನ್‌ನಲ್ಲಿ ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬಹುದು.